ಡಬ್ಬಿಯ ಮೇಲಿನ ವೇಗ, ಪರೀಕ್ಷೆಯ ಸತ್ಯ

ನೆಟ್‌ವರ್ಕ್ ಕಾರ್ಡಿನ ಡಬ್ಬಿಯ ಮೇಲೆ ‘10 ಗಿಗಾಬಿಟ್’ ಎಂದು ಅಚ್ಚಾಗಿದ್ದರೆ ಕೊಳ್ಳುವವರು ನಂಬುತ್ತಾರೆ. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ತಂತಿಯಲ್ಲಿ ಮಾಹಿತಿ ಹರಿಯಬಹುದಾದ ವೇಗವನ್ನಷ್ಟೇ ಆ ಅಂಕಿ ಹೇಳುತ್ತದೆ. ಬಂದುದನ್ನೆಲ್ಲ ಕಂಪ್ಯೂಟರು ಬರಮಾಡಿಕೊಳ್ಳಬಲ್ಲದೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಲೆಕ್ಕ ಸರಳವಾಗಿದೆ. ಜಾಲದಲ್ಲಿ ಮಾಹಿತಿ ಸಾಗುವುದು ಪ್ಯಾಕೆಟ್‌ಗಳೆಂಬ ಕಟ್ಟುಗಳಾಗಿ. ಈಥರ್ನೆಟ್‌ನಲ್ಲಿ ಸಾಮಾನ್ಯವಾಗಿ ದೊಡ್ಡ ಕಟ್ಟು 1518 ಬೈಟ್, ಚಿಕ್ಕದು 64 ಬೈಟ್. ಕಟ್ಟುಗಳ ನಡುವೆ ಬೇಕಾಗುವ 20 ಬೈಟ್‌ಗಳನ್ನೂ ಸೇರಿಸಿದರೆ, 10 ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಸಾಗುವ ದೊಡ್ಡ ಕಟ್ಟುಗಳು ಸುಮಾರು 8.13 ಲಕ್ಷ, ಚಿಕ್ಕವಾದರೆ 1.48 ಕೋಟಿಗೂ ಹೆಚ್ಚು. ಆಗ ಒಂದು ಕಟ್ಟನ್ನು ವಿಲೇವಾರಿ ಮಾಡಲು ದೊರೆಯುವ ಅವಧಿ ಕೇವಲ 67.2 ನ್ಯಾನೊಸೆಕೆಂಡ್. ದೊಡ್ಡ ಕಡತವೊಂದನ್ನು ಕಳಿಸಿ ವೇಗ ಅಳೆದವರಿಗೆ ಈ ಒತ್ತಡ ಕಾಣಿಸದು. ಆದರೆ ಇಂಟರ್ನೆಟ್ ದೂರವಾಣಿ ಕರೆ, ಜಾಲತಾಣದ ವಿಳಾಸ ಹುಡುಕುವ ಪ್ರಶ್ನೆ, ಸರ್ವರನ್ನು ಉಸಿರುಗಟ್ಟಿಸುವ ದಾಳಿ ಇವೆಲ್ಲ ಬಹುಪಾಲು ಸಣ್ಣ ಕಟ್ಟುಗಳಲ್ಲೇ ಬರುತ್ತವೆ.

ಹೀಗಾಗಿಯೇ ಜಾಲ ಸಾಧನಗಳ ಪರೀಕ್ಷೆಗೆಂದು 1999ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 2544 ಮಾರ್ಗಸೂಚಿಯು ಈಥರ್ನೆಟ್‌ಗೆ 64ರಿಂದ 1518 ಬೈಟ್‌ವರೆಗಿನ ಏಳು ಗಾತ್ರಗಳನ್ನು ಸೂಚಿಸಿತು. ಒಂದು ಕಟ್ಟೂ ಕಳೆದುಹೋಗದಂತೆ ಸಾಧಿಸಿದ ಗರಿಷ್ಠ ವೇಗವೇ ನಿಜವಾದ ಸಾಮರ್ಥ್ಯ ಎಂಬುದು ಅದರ ಅಳತೆಗೋಲು.

ಇಟಲಿಯ ಪೀಸಾ ವಿಶ್ವವಿದ್ಯಾಲಯದ ಲೂಯಿಜಿ ರಿಝೊ 2012ರಲ್ಲಿ ಮಂಡಿಸಿದ ಪ್ರಬಂಧ ಇನ್ನೊಂದು ಪಾಠ ಕಲಿಸಿತು. ಫ್ರೀಬಿಎಸ್‌ಡಿ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂನಲ್ಲಿ ಪ್ರತಿ ಕಟ್ಟಿನ ಸಮಯ ಎಲ್ಲೆಲ್ಲಿ ವ್ಯಯವಾಗುತ್ತದೆಂದು ಅವರು ಹಂತ ಹಂತವಾಗಿ ಅಳೆದರು. ಕಟ್ಟಿಗೊಮ್ಮೆ ಸ್ಮೃತಿ ಹಂಚುವುದು, ನಕಲು ಮಾಡುವುದು, ವ್ಯವಸ್ಥೆಯ ಬಾಗಿಲು ಬಡಿಯುವುದು ಇವೇ ಕಾಲವನ್ನು ತಿನ್ನುತ್ತಿದ್ದವು. ಇವನ್ನು ತಪ್ಪಿಸುವ ‘ನೆಟ್‌ಮ್ಯಾಪ್’ ತಂತ್ರಾಂಶವನ್ನು ಅವರು ರೂಪಿಸಿದರು. ಆಗ 900 ಮೆಗಾಹರ್ಟ್ಸ್‌ನಲ್ಲಿ ಓಡುವ ಪ್ರೊಸೆಸರಿನ ಒಂದೇ ತಿರುಳು 10 ಗಿಗಾಬಿಟ್ ತಂತಿಯನ್ನು ಸಣ್ಣ ಕಟ್ಟುಗಳಿಂದ ತುಂಬಿಸಿತು. ರೂಢಿಯ ವಿಧಾನಕ್ಕಿಂತ ಇದು 20 ಪಟ್ಟಿಗೂ ಹೆಚ್ಚು ವೇಗ.

ಗಮನಿಸಿ, ಕಾರ್ಡು ಬದಲಾಗಲಿಲ್ಲ, ತಂತಿಯೂ ಬದಲಾಗಲಿಲ್ಲ. ಬದಲಾದದ್ದು ತಂತ್ರಾಂಶ ಮಾತ್ರ. ಕಾರ್ಡಿನ ಪರೀಕ್ಷೆಯೆಂದು ನಾವು ಕರೆಯುವುದು ವಾಸ್ತವವಾಗಿ ಇಡೀ ವ್ಯವಸ್ಥೆಯ ಪರೀಕ್ಷೆ. ಆ ವ್ಯವಸ್ಥೆಯ ಒಳಗನ್ನು ನೋಡುವ ಹಕ್ಕು ಇಲ್ಲದಿದ್ದರೆ ದೋಷ ಎಲ್ಲಿದೆಯೆಂದು ಹೇಳುವವರಾರು? ಮುಚ್ಚಿದ ಕೆಲವು ತಂತ್ರಾಂಶಗಳ ಪರವಾನಗಿಯಲ್ಲಿ ಪರೀಕ್ಷೆಯ ಫಲಿತಾಂಶವನ್ನು ಅನುಮತಿಯಿಲ್ಲದೆ ಪ್ರಕಟಿಸಬಾರದೆಂಬ ಷರತ್ತೂ ಇರುತ್ತದೆ. ಮುಕ್ತ ವ್ಯವಸ್ಥೆಯಲ್ಲಾದರೋ ಒಬ್ಬರ ಅಳತೆಯನ್ನು ಮತ್ತೊಬ್ಬರು ಮರಳಿ ಮಾಡಿ ನೋಡಬಹುದು, ತಪ್ಪಿದ್ದರೆ ತಿದ್ದಬಹುದು.

ಇದು ತಜ್ಞರಿಗೆ ಮಾತ್ರ ಸೇರಿದ ವಿಷಯವಲ್ಲ. ಇಂದು 100 ಗಿಗಾಬಿಟ್ ಕಾರ್ಡುಗಳೂ ಬಳಕೆಯಲ್ಲಿವೆ. ಅಲ್ಲಿ ಒಂದು ಸಣ್ಣ ಕಟ್ಟಿಗೆ ದೊರೆಯುವುದು 6.72 ನ್ಯಾನೊಸೆಕೆಂಡ್. ವೇಗ ಏರಿದಂತೆ ಘೋಷಣೆಗೂ ಅನುಭವಕ್ಕೂ ನಡುವಣ ಕಂದರ ಆಳವಾಗಬಲ್ಲದು. ಸಾರ್ವಜನಿಕ ಹಣದಿಂದ ಇಂಥ ಉಪಕರಣ ಖರೀದಿಸುವ ಸಂಸ್ಥೆಗಳು ಟೆಂಡರಿನಲ್ಲಿ ಗಿಗಾಬಿಟ್ ಎಷ್ಟೆಂದು ಕೇಳಿದರೆ ಸಾಲದು. ಯಾವ ಗಾತ್ರದ ಕಟ್ಟು, ಎಷ್ಟು ನಷ್ಟ, ಯಾವ ತಂತ್ರಾಂಶ, ಎಷ್ಟು ಪ್ರೊಸೆಸರ್ ಎಂದು ಕೇಳಬೇಕು. ಫಲಿತಾಂಶವನ್ನು ಯಾರು ಬೇಕಾದರೂ ಮರುಪರೀಕ್ಷಿಸುವಂತಿರಬೇಕು. ತಕ್ಕಡಿಯನ್ನು ಮಾರುವವನ ಕೈಗೇ ಬಿಟ್ಟು ತೂಕವನ್ನು ನಂಬುವುದು ಸಂತೆಯಲ್ಲೂ ಜಾಣತನವಲ್ಲ.