ನಿಮಗಿದು ಗೊತ್ತೆ? ನಂಬರ್ 1 ಹಾಡು ಯಾವುದು?
ಜಗತ್ತಿನ ಸಾರ್ವಕಾಲಿಕ ಶ್ರೇಷ್ಠ ಹಾಡು ಯಾವುದು? ಉತ್ತರ ನೀವು ಯಾರನ್ನು ಕೇಳುತ್ತೀರಿ, ಯಾವಾಗ ಕೇಳುತ್ತೀರಿ ಎಂಬುದರ ಮೇಲೆ ನಿಂತಿದೆ.

● ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 2004ರಲ್ಲಿ ಪ್ರಕಟಿಸಿದ 500 ಶ್ರೇಷ್ಠ ಹಾಡುಗಳ ಪಟ್ಟಿಯಲ್ಲಿ ಬಾಬ್ ಡಿಲನ್ ಅವರ ‘ಲೈಕ್ ಎ ರೋಲಿಂಗ್ ಸ್ಟೋನ್’ ಮೊದಲ ಸ್ಥಾನದಲ್ಲಿತ್ತು. 2021ರಲ್ಲಿ 250ಕ್ಕೂ ಹೆಚ್ಚು ಕಲಾವಿದರು, ನಿರ್ಮಾಪಕರು, ಪತ್ರಕರ್ತರಿಂದ ಹೊಸದಾಗಿ ಮತ ಪಡೆದಾಗ ಅದು ನಾಲ್ಕಕ್ಕಿಳಿಯಿತು. ಐದರಲ್ಲಿದ್ದ ಅರೀತಾ ಫ್ರಾಂಕ್ಲಿನ್ ಅವರ ‘ರೆಸ್ಪೆಕ್ಟ್’ ಒಂದಕ್ಕೇರಿತು.

● ‘ರೆಸ್ಪೆಕ್ಟ್’ ಬರೆದು 1965ರಲ್ಲಿ ಮೊದಲು ಹಾಡಿದವರು ಓಟಿಸ್ ರೆಡ್ಡಿಂಗ್. ಮನೆಗೆ ಬಂದ ಗಂಡಸು ಮರ್ಯಾದೆ ಕೇಳುವ ಆ ಹಾಡನ್ನು ಅರೀತಾ 1967ರಲ್ಲಿ ಹೆಣ್ಣಿನ ಹಕ್ಕೊತ್ತಾಯವಾಗಿ ಬದಲಿಸಿದರು.

● 2002ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ನೇರವಾಗಿ ಕೇಳುಗರಿಂದಲೇ ಮತ ಕೇಳಿತು. ಗೆದ್ದದ್ದು ಐರ್ಲೆಂಡಿನ ವುಲ್ಫ್ ಟೋನ್ಸ್ ತಂಡದ ದೇಶಭಕ್ತಿ ಗೀತೆ. ಎರಡನೆಯದು ‘ವಂದೇ ಮಾತರಂ’, ಮೂರನೆಯದು ಪಾಕಿಸ್ತಾನದ ‘ದಿಲ್ ದಿಲ್ ಪಾಕಿಸ್ತಾನ್’. ನಾಲ್ಕನೆಯದು ಇಳಯರಾಜ ಸಂಗೀತದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಸ್ವರ್ಣಲತಾ ಹಾಡಿದ, ತಮಿಳಿನ ‘ದಳಪತಿ’ ಚಿತ್ರದ ‘ರಾಕ್ಕಮ್ಮ’! ಆ ಮೊದಲ ಹತ್ತರಲ್ಲಿ ಬೀಟಲ್ಸ್‌ನ ಒಂದು ಹಾಡೂ ಇರಲಿಲ್ಲ.