ರಕ್ತ ಕ್ಯಾನ್ಸರ್ ಚಿಕಿತ್ಸೆ: ಮಗುವಿನ ನರಗಳತ್ತ ಗಮನವಿರಲಿ

ಮಕ್ಕಳನ್ನು ಬಾಧಿಸುವ ಕ್ಯಾನ್ಸರ್‌ಗಳಲ್ಲಿ ರಕ್ತ ಕ್ಯಾನ್ಸರಿಗೆ ಮೊದಲ ಸ್ಥಾನ. ಅದರಲ್ಲಿಯೂ 'ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ' ಎಂಬ ಬಗೆಯೇ ಅಧಿಕ. ಹಿಂದೆ ಮರಣಶಾಸನವೆನಿಸಿದ್ದ ಈ ರೋಗವು ಇಂದು ಉತ್ತಮ ಚಿಕಿತ್ಸಾ ಕೇಂದ್ರಗಳಲ್ಲಿ ಬಹುಪಾಲು ಮಕ್ಕಳಲ್ಲಿ ಗುಣವಾಗುತ್ತಿದೆ. ಆದರೆ ಎರಡು-ಮೂರು ವರ್ಷ ನಡೆಯುವ ಚಿಕಿತ್ಸೆಯ ನಡುವೆ ಮಗುವಿನ ಮಾತು ಹಠಾತ್ತನೆ ನಿಂತರೆ, ನಡೆಯುವಾಗ ಪಾದ ಎಳೆದರೆ, ರೋಗವೇ ಮಿದುಳಿಗೇರಿತೆಂದು ಹೆತ್ತವರು ಕಂಗಾಲಾಗುತ್ತಾರೆ. ಅನೇಕ ವೇಳೆ ಅದಕ್ಕೆ ಕಾರಣ ರೋಗವಲ್ಲ, ಔಷಧ.

ರಕ್ತದಲ್ಲಿ ಹರಿಯುವ ಬಹುತೇಕ ಔಷಧಗಳು ಮಿದುಳನ್ನು ಸುಲಭವಾಗಿ ಪ್ರವೇಶಿಸದಂತೆ ಪ್ರಕೃತಿಯೇ ತಡೆಗೋಡೆ ನಿರ್ಮಿಸಿದೆ. ಕ್ಯಾನ್ಸರ್ ಕಣಗಳಿಗೆ ಅದೇ ಅಡಗುತಾಣ. 1960ರ ದಶಕದಲ್ಲಿ ಅಮೆರಿಕದ ಮೆಂಫಿಸ್ ನಗರದ ಸೇಂಟ್ ಜೂಡ್ ಆಸ್ಪತ್ರೆಯ ಡಾ. ಡೊನಾಲ್ಡ್ ಪಿಂಕೆಲ್ ಮತ್ತು ಅವರ ತಂಡ ತಲೆಗೆ ವಿಕಿರಣ ಹಾಯಿಸಿ, ಬೆನ್ನುಹುರಿಯ ಸುತ್ತಲ ದ್ರವಕ್ಕೆ ಮೆಥೊಟ್ರೆಕ್ಸೇಟ್ ಚುಚ್ಚಿ ಆ ತಾಣವನ್ನು ಭೇದಿಸಿತು. ಮಕ್ಕಳು ಬದುಕಿದರು. ಆದರೆ ಹಲವರ ಕಲಿಕೆ, ಬೆಳವಣಿಗೆ ಕುಂಠಿತವಾದವು. ಕೆಲವರಲ್ಲಿ ವರ್ಷಗಳ ನಂತರ ಮಿದುಳಿನ ಗೆಡ್ಡೆ ಕಾಣಿಸಿತು. ಅದೇ ಆಸ್ಪತ್ರೆ 2000ದಿಂದ 2007ರವರೆಗೆ 498 ಮಂದಿಗೆ ಆರಂಭಿಕ ಹಂತದಲ್ಲಿ ತಲೆಗೆ ವಿಕಿರಣ ನೀಡದೆಯೇ ಚಿಕಿತ್ಸೆ ನಡೆಸಿತು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಐದು ವರ್ಷಗಳ ನಂತರ ಬದುಕುಳಿಯುವವರ ಪ್ರಮಾಣ ಶೇ. 93.5.

ವಿಕಿರಣ ಹಿಂದೆ ಸರಿದರೂ ಮೆಥೊಟ್ರೆಕ್ಸೇಟ್ ಉಳಿದಿದೆ. ಬೆನ್ನಿಗೆ ಚುಚ್ಚಿದ ಎರಡರಿಂದ ಹದಿನಾಲ್ಕು ದಿನಗಳೊಳಗೆ ಕೆಲವು ಮಕ್ಕಳಲ್ಲಿ ಒಂದು ಪಾರ್ಶ್ವದ ಕೈಕಾಲು ಸೋಲುವುದು, ಮಾತು ತೊದಲುವುದು ಉಂಟು. ನೋಡಿದವರಿಗೆ ಲಕ್ವವೆಂದೇ ತೋರುತ್ತದೆ. ಆದರೆ ಹೆಚ್ಚಿನವರು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಅವರಲ್ಲಿ ಬಹುತೇಕರಿಗೆ ವೈದ್ಯರ ನಿಗಾದಲ್ಲಿ ಅದೇ ಔಷಧವನ್ನು ಮುಂದುವರಿಸಲೂ ಸಾಧ್ಯ. ಹೆದರಿ ಚಿಕಿತ್ಸೆಯನ್ನೇ ಕೈಬಿಡುವುದು ಇದಕ್ಕಿಂತ ದೊಡ್ಡ ಅಪಾಯ.

ಮನೆಯಂಗಳದ ಕಾಶಿಕಣಗಿಲೆ ಗಿಡದಿಂದ ದೊರೆಯುವ ವಿನ್‌ಕ್ರಿಸ್ಟಿನ್‌ನ ಪರಿಣಾಮ ಬೇರೆ ತೆರನದು. ಅದು ಉದ್ದನೆಯ ನರಗಳನ್ನು ಮೊದಲು ಕಾಡುತ್ತದೆ. ಮೆಟ್ಟಿಲೇರುವಾಗ ಕಾಲು ತೊಡರುವುದು, ದವಡೆ ನೋವು, ರೆಪ್ಪೆ ಜೋತು ಬೀಳುವುದು ಅದರ ಲಕ್ಷಣಗಳು. ತೀವ್ರ ಮಲಬದ್ಧತೆಯೂ ನರಕ್ಕೆ ತಗುಲಿದ ಪೆಟ್ಟೇ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಶಿಲೀಂಧ್ರ ಸೋಂಕಿಗೆ ನೀಡುವ ಇಟ್ರಾಕೊನಜೋಲ್, ವೊರಿಕೊನಜೋಲ್ ಜೊತೆಗೂಡಿದರೆ ಈ ಬಾಧೆ ಉಲ್ಬಣಿಸುತ್ತದೆ. ಆದ್ದರಿಂದ ಬೇರೊಬ್ಬ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಗುವಿಗೆ ಕೊಡುವ ಮೊದಲು ಕ್ಯಾನ್ಸರ್ ತಜ್ಞರಿಗೆ ತಿಳಿಸಲೇಬೇಕು. ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ ಮಾತ್ರ ಮೀಸಲು. ತಪ್ಪಿ ಬೆನ್ನಿಗೆ ಚುಚ್ಚಿದರೆ ಪ್ರಾಣಕ್ಕೇ ಎರವು. ಈ ಕಾರಣದಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ, ಅದನ್ನು ಸಿರಿಂಜಿನ ಬದಲು ಪುಟ್ಟ ಸಲೈನ್ ಚೀಲದಲ್ಲಿ ಬೆರೆಸಿ ಕೊಡಬೇಕೆಂದು ಸೂಚಿಸಿತು.

ತಡೆಯಲಾರದ ತಲೆನೋವು, ಪದೇ ಪದೇ ವಾಂತಿ, ದೃಷ್ಟಿ ಮಂಜಾಗುವುದು, ಸೆಳವು ಕಂಡರೆ ಬೆಳಗಾಗುವವರೆಗೆ ಕಾಯಬಾರದು. ಅಸ್ಪರಾಜಿನೇಸ್ ಔಷಧದಿಂದ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಸ್ಟಿರಾಯ್ಡ್‌ನಿಂದ ರಕ್ತದೊತ್ತಡ ಏರಿರಬಹುದು. ಎರಡಕ್ಕೂ ಚಿಕಿತ್ಸೆಯಿದೆ.

ಗುಣಮುಖವಾಗಿ ಶಾಲೆಗೆ ಮರಳಿದ ಕೆಲವು ಮಕ್ಕಳಲ್ಲಿ ಗಮನ ಕೇಂದ್ರೀಕರಿಸುವ ಶಕ್ತಿ, ಲೆಕ್ಕ ಮಾಡುವ ವೇಗ ಕುಗ್ಗಿರುತ್ತದೆ. ಅದನ್ನು ಸೋಮಾರಿತನವೆಂದು ಗದರುವ ಬದಲು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ನೀಡುವಂತೆ ಪೋಷಕರು ಶಿಕ್ಷಕರನ್ನು ಕೇಳಬಹುದು.