ನೇರಳೆ ಬೀಜಕ್ಕೆ ಬಿಸಿಲು ಆಗದು

ಮಳೆಗಾಲಕ್ಕೆ ಮುನ್ನ ನಮ್ಮ ಶಾಲೆಗಳಲ್ಲಿ ಬೀಜದುಂಡೆ ಕಟ್ಟುವ ಉತ್ಸಾಹ ಕಾಣುತ್ತದೆ. ಮಣ್ಣು, ಗೊಬ್ಬರ ಕಲಸಿ, ನಡುವೆ ಕಾಡುಹಣ್ಣಿನ ಬೀಜವಿಟ್ಟು, ಉಂಡೆಗಳನ್ನು ಒಣಗಿಸಿ ಕಾಡಂಚಿಗೆ ಎಸೆಯುತ್ತಾರೆ. ಒಳಗಿರುವುದು ಹುಣಸೆ ಬೀಜವಾದರೆ ಮಳೆ ಬಿದ್ದ ಮೇಲೆ ಮೊಳೆತೀತು. ಹೋದ ವರ್ಷದ ನೇರಳೆ ಬೀಜವಾದರೆ ಅದು ಉಂಡೆ ಸೇರುವ ಮೊದಲೇ ಸತ್ತಿರುತ್ತದೆ.

ಒಣಗುವುದನ್ನು ತಾಳುವ ಬೀಜ, ತಾಳದ ಬೀಜ ಎಂಬ ಎರಡು ಬಗೆಗಳನ್ನು 1973ರಲ್ಲಿ ಬ್ರಿಟನ್ನಿನ ವಿಜ್ಞಾನಿ ಇ. ಎಚ್. ರಾಬರ್ಟ್ಸ್ ಗುರುತಿಸಿದರು. ಮೊದಲನೆಯದು ಆರ್ಥೊಡಾಕ್ಸ್, ಎರಡನೆಯದು ರಿಕ್ಯಾಲ್ಸಿಟ್ರಂಟ್. ಹುಣಸೆ, ನೆಲ್ಲಿ ಮೊದಲ ಬಗೆಯವು. ಬಲಿಯುವಾಗಲೇ ಇವು ನೀರು ಕಳೆದುಕೊಳ್ಳುತ್ತವೆ. ಒಳಗಿನ ಸಕ್ಕರೆ, ಪ್ರೋಟೀನುಗಳು ಜೀವಕೋಶದ ಪೊರೆಗಳನ್ನು ಕಾಯುತ್ತವೆ. ತೇವಾಂಶ ಶೇ. 1ರಷ್ಟು ಇಳಿದರೆ ಅಥವಾ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ತಗ್ಗಿದರೆ ಇಂಥ ಬೀಜದ ಆಯಸ್ಸು ಸುಮಾರಾಗಿ ಇಮ್ಮಡಿಯಾಗುತ್ತದೆ. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ, ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳಕೆಯೊಡೆಯಿತು. ಅಷ್ಟು ಕಾಲ ಅದನ್ನು ಉಳಿಸಿದ್ದು ಮರುಭೂಮಿಯ ಒಣ ಹವೆ.

ನೇರಳೆ, ಹಲಸು, ಹೆಬ್ಬಲಸಿನ ಬೀಜಗಳಿಗೆ ಈ ಶಕ್ತಿಯಿಲ್ಲ. ಹಣ್ಣಿನಿಂದ ಹೊರಬಂದಾಗಲೂ ಅವು ತೇವವಾಗಿ, ಉಸಿರಾಡುತ್ತಲೇ ಇರುತ್ತವೆ. ನೀರು ಆರಿದರೆ ಪೊರೆಗಳು ಹಾಳಾಗುತ್ತವೆ. ಹೆಪ್ಪುಗಟ್ಟಿಸಿದರೆ ಒಳಗಿನ ನೀರು ಹರಳಾಗಿ ಜೀವಕೋಶಗಳನ್ನು ಸೀಳುತ್ತದೆ. ಇದು ಆ ಮರಗಳ ದೌರ್ಬಲ್ಯವಲ್ಲ. ಇವುಗಳ ಹಣ್ಣು ಉದುರುವುದು ಮುಂಗಾರಿನ ಆಸುಪಾಸಿನಲ್ಲಿ. ನೆಲ ನೆನೆದಿರುವಾಗ ಕಾಯುವ ಅಗತ್ಯವೇ ಇಲ್ಲ. ನೆಲ್ಲಿ ಮಾಗುವುದು ಚಳಿಗಾಲದಲ್ಲಿ. ಬೇಸಿಗೆ ಕಳೆಯುವ ತನಕ ಅದರ ಬೀಜ ಗಟ್ಟಿ ಓಟೆಯೊಳಗೆ ಕಾಯಬೇಕು. ಅದಕ್ಕೇ ನರ್ಸರಿಯವರು ನೆಲ್ಲಿಯ ಓಟೆಯನ್ನು ಬಿರಿಯುವವರೆಗೆ ಬಿಸಿಲಿಗೆ ಒಣಗಿಸುತ್ತಾರೆ. ನೇರಳೆಯನ್ನು ಕೊಲ್ಲುವ ಬಿಸಿಲೇ ನೆಲ್ಲಿಗೆ ಬಾಗಿಲು ತೆರೆಯುತ್ತದೆ.

ಉಷ್ಣತೆಯ ವಿಚಾರದಲ್ಲೂ ಹೀಗೆಯೇ. ನಮ್ಮ ಕಾಡುಹಣ್ಣುಗಳಲ್ಲಿ ಹೆಚ್ಚಿನವು 25ರಿಂದ 30 ಡಿಗ್ರಿಯ ಬೆಚ್ಚನೆಯ ತೇವದಲ್ಲಿ ಚೆನ್ನಾಗಿ ಮೊಳೆಯುತ್ತವೆ. ಕಜಕಸ್ತಾನದ ಬೆಟ್ಟಗಳ ಕಾಡುಸೇಬಿನ ಬೀಜಕ್ಕೆ ಮಾತ್ರ ವಾರಗಟ್ಟಲೆ ತೇವದ ಚಳಿ ತಾಗಬೇಕು. ಚಳಿಗಾಲ ಕಳೆಯಿತೆಂದು ಖಾತ್ರಿಯಾದ ಮೇಲೇ ಅದು ಏಳುತ್ತದೆ.

ದೊಡ್ಡ ಬೀಜಗಳಿಗೆ ಬೆಳಕು ಅಷ್ಟಾಗಿ ಬೇಕಿಲ್ಲ; ಮಣ್ಣಿನಿಂದ ಮೇಲೇಳುವಷ್ಟು ಆಹಾರ ಅವುಗಳಲ್ಲೇ ಇದೆ. ಆಲ, ಅತ್ತಿಗಳ ಬೀಜ ಸಾಸಿವೆಗಿಂತ ಚಿಕ್ಕದು. ಕತ್ತಲಲ್ಲಿ ಮೊಳೆತರೆ ಮೇಲೆ ತಲುಪುವ ಮೊದಲೇ ಆಹಾರ ಮುಗಿಯುತ್ತದೆ. ಹಾಗಾಗಿ ಇಂಥ ಬೀಜಗಳು ಸಾಮಾನ್ಯವಾಗಿ ಬೆಳಕು ಸಿಕ್ಕರಷ್ಟೇ ಮೊಳೆಯುತ್ತವೆ. ಬೆಳಕನ್ನು ಅಳೆಯುವುದು ಫೈಟೋಕ್ರೋಮ್ ಎಂಬ ವರ್ಣದ್ರವ್ಯ. ಅಮೆರಿಕದ ಬೆಲ್ಟ್ಸ್‌ವಿಲ್‌ನ ವಿಜ್ಞಾನಿಗಳು 1952ರಲ್ಲಿ ಲೆಟ್ಯೂಸ್ ಬೀಜದಲ್ಲಿ ಈ ಗುಟ್ಟನ್ನು ತೋರಿಸಿದರು: ಕೆಂಪು ಬೆಳಕು ಮೊಳಕೆಗೆ ಅಪ್ಪಣೆ ಕೊಟ್ಟರೆ, ದೂರಗೆಂಪು (ಫಾರ್-ರೆಡ್) ಬೆಳಕು ಅದನ್ನು ಹಿಂತೆಗೆಯುತ್ತದೆ. ದಟ್ಟ ಎಲೆಗಳು ಕೆಂಪನ್ನು ಹೀರಿ ದೂರಗೆಂಪನ್ನು ಕೆಳಗೆ ಬಿಡುವುದರಿಂದ, ಮೇಲೆ ನೆರಳಿದೆಯೇ ಎಂಬುದು ಬೀಜಕ್ಕೆ ತಿಳಿಯುತ್ತದೆ. ಅತ್ತಿ ಬೀಜವನ್ನು ಹೂಳದೆ ತೇವದ ಮಣ್ಣಿನ ಮೇಲೆ ಉದುರಿಸುವುದು ಇದಕ್ಕೇ.

ಹಾಗಾಗಿ ಗಿಡ ಬೆಳೆಸುವವರು ಮೊದಲು ಕೇಳಬೇಕಾದ್ದು ಆ ಹಣ್ಣು ಯಾವ ಕಾಲದಲ್ಲಿ ಉದುರುತ್ತದೆ ಎಂದು. ಮಳೆಯಲ್ಲಿ ಉದುರಿದ್ದನ್ನು ತಿಂದು, ತೊಳೆದು, ಕೂಡಲೇ ಬಿತ್ತಬೇಕು. ಮೈನಸ್ 18 ಡಿಗ್ರಿಯ ಬೀಜ ಬ್ಯಾಂಕುಗಳಲ್ಲಿ ಹೆಬ್ಬಲಸಿನ ಬೀಜ ಬದುಕದು. ಅಂಥ ಮರಗಳ ತಳಿ ಉಳಿಯಬೇಕಾದರೆ ಪ್ರತಿ ವರ್ಷ ಹಣ್ಣು ಕೊಡುವ ಮರಗಳೇ ಕಾಡಿನಲ್ಲಿ ನಿಂತಿರಬೇಕು.